ಪಕ್ಷಿರಾಜನೂ ಶಾಲೆಯ ರೌಟರೂ

ಶಂಕರ್ ಅವರ ‘2.0’ ಶುರುವಾಗೋದೇ ಒಬ್ಬ ಮುದುಕ ಮೊಬೈಲ್ ಟವರಿಗೆ ನೇಣು ಹಾಕಿಕೊಳ್ಳುವುದರಿಂದ. 2018ರ ನವೆಂಬರಿನಲ್ಲಿ ಈ ಸಿನಿಮಾ ಬಂದಾಗ ನಾವೆಲ್ಲ ರಜನಿಗೋಸ್ಕರ ಹೋದವರು. ಈಚೆಗೆ ಮತ್ತೆ ನೋಡಿದಾಗ ನನ್ನನ್ನು ಹಿಡಿದು ಕೂರಿಸಿದ್ದು ಅಕ್ಷಯ್ ಕುಮಾರ್ ಮಾಡಿದ ಆ ಮುದುಕ, ಪಕ್ಷಿರಾಜನ್. ದ್ವಿತೀಯಾರ್ಧದಲ್ಲಿ ಅವನ ಹಿಂದಿನ ಕಥೆ ಬರುತ್ತಲ್ಲ, ಇಡೀ ಸಿನಿಮಾದಲ್ಲಿ ಜೀವ ಇರೋದು ಅಲ್ಲಿ ಮಾತ್ರ. ಹಕ್ಕಿಗಳು ಸಾಯ್ತಿವೆ, ಟವರುಗಳೇ ಕಾರಣ ಅಂತ ಅವನು ಹೇಳ್ತಾನೆ, ಯಾರೂ ಕೇಳಲ್ಲ. ಒಂದು ಸಣ್ಣ ಅರ್ಜಿ ಹಿಡಿದು ಯಾವುದಾದರೂ ಆಫೀಸಿನಲ್ಲಿ ಟೇಬಲ್ಲಿಂದ ಟೇಬಲ್ಲಿಗೆ ಅಲೆದವರಿಗೆ ಆ ಮುಖ ಗೊತ್ತು.

ಆದರೆ ನಿರ್ದೇಶಕರಿಗೆ ತಾವೇ ಎತ್ತಿದ ಪ್ರಶ್ನೆಯ ಭಯ. ಮುದುಕ ಹೇಳಿದ್ದು ನಿಜವಾದರೆ ಸಿನಿಮಾ ಪುರಾವೆ ಕೊಡಬೇಕಿತ್ತು, ಸುಳ್ಳಾದರೆ ಉತ್ತರ ಕೊಡಬೇಕಿತ್ತು. ಎರಡೂ ಬಿಟ್ಟು ಸತ್ತವನ ‘ಆರಾ’ ಅಂತ ಏನೋ ತಂದು, ಸಾವಿರಾರು ಮೊಬೈಲುಗಳನ್ನು ಸೇರಿಸಿ ದೊಡ್ಡ ಹದ್ದು ಮಾಡಿ, ಚಿಟ್ಟಿಯ ಜೊತೆ ಕುಸ್ತಿಗೆ ಬಿಟ್ಟರು. ಅತ್ತ ಮೊಬೈಲ್ ಕಂಪನಿಗಳ ಸಂಘ ಬಿಡುಗಡೆಗೆ ಮೊದಲೇ ಸೆನ್ಸಾರ್ ಮಂಡಳಿಗೆ ದೂರು ಕೊಟ್ಟಿತು. ಒಬ್ಬರು ಹೆದರಿಸಿದರು, ಇನ್ನೊಬ್ಬರು ಬಾಯಿ ಮುಚ್ಚಿಸಲು ನೋಡಿದರು. ಪ್ರೇಕ್ಷಕನಿಗೆ ವಿಷಯ ಏನು ಅಂತ ಹೇಳಿದವರು ಯಾರೂ ಇಲ್ಲ.

ಇದೇ ನಾಟಕದ ಇನ್ನೊಂದು ಪ್ರಯೋಗ 2021ರಲ್ಲಿ ನಡೆಯಿತು. ನಮ್ಮ ‘ಪ್ರೇಮಲೋಕ’ದ ಜೂಹಿ ಚಾವ್ಲಾ 5ಜಿ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದರು. ವಿಡಿಯೋ ವಿಚಾರಣೆಯ ಮಧ್ಯೆ ಯಾರೋ ನುಗ್ಗಿ ಅವರ ಸಿನಿಮಾದ ಹಾಡು ಹೇಳಿದರು. ಕೋರ್ಟು ಇದು ಪ್ರಚಾರಕ್ಕೆ ಅಂತ ಹೇಳಿ 20 ಲಕ್ಷ ದಂಡ ಹಾಕಿತು (ಮರುವರ್ಷ ಅದು 2 ಲಕ್ಷಕ್ಕೆ ಇಳಿಯಿತು). ಜನರಿಗೆ ನೆನಪಿರೋದು ಹಾಡು ಮತ್ತು ದಂಡ.

ಇದೆಲ್ಲ ಈಗ ಯಾಕೆ ಅಂದರೆ, ಇಂದಿರಾನಗರದಲ್ಲಿ ನನ್ನ ಮಗಳು ಎರಡನೇ ಕ್ಲಾಸು ಓದುವ ಶಾಲೆಯಲ್ಲಿ ಪ್ರತಿ ಕೋಣೆಗೂ ವೈಫೈ ಹಾಕಿಸಿದ್ದಾರೆ. ಅದನ್ನು ತೆಗೆಸಬೇಕು ಅಂತ ಪೋಷಕರ ಮನವಿಯೊಂದು ಓಡಾಡ್ತಿದೆ. ನಾಲ್ಕು ಪುಟ. ಬರೆದವರು ಓದಿಕೊಂಡವರೇ, ಇಬ್ಬರು ನನ್ನ ಹಾಗೆ ಸಾಫ್ಟ್‌ವೇರಿನವರು. ಓದಿದರೆ ಪಕ್ಷಿರಾಜನ್ ಡೈಲಾಗು ಕೇಳಿದ ಹಾಗೇ ಇದೆ. ಗುಬ್ಬಿಗಳಿಂದಲೇ ಶುರು.

ಸರಿ, ಗುಬ್ಬಿಯನ್ನೇ ತಗೊಳ್ಳಿ. 2020ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಪ್ರಕಾರ ದೇಶದಲ್ಲಿ ಒಟ್ಟಾರೆ ಗುಬ್ಬಿಗಳ ಸಂಖ್ಯೆ ಹೆಚ್ಚುಕಮ್ಮಿ ಸ್ಥಿರವಾಗಿದೆ. ಕಡಿಮೆಯಾಗಿರೋದು ಬೆಂಗಳೂರಿನಂಥ ಮಹಾನಗರಗಳಲ್ಲಿ. ಮರಿಗೆ ತಿನ್ನಿಸಲು ಹುಳ ಇಲ್ಲ, ಗೂಡಿಗೆ ಜಾಗ ಇಲ್ಲ ಅನ್ನೋ ಕಾರಣಗಳನ್ನು ಮುಂದಿಡುವ ಆ ವರದಿ, ಟವರ್ ಮೇಲಿನ ಆರೋಪಕ್ಕೆ ಪುರಾವೆ ಇಲ್ಲ ಅನ್ನುತ್ತೆ. 100 ಅಡಿ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಗುಬ್ಬಿ ಎಲ್ಲಿ ಗೂಡು ಕಟ್ಟಬೇಕು ಹೇಳಿ? ನಮ್ಮೂರಲ್ಲಿ ಹೆಂಚಿನ ಸಂದಿ ಇತ್ತು, ಕಣದಲ್ಲಿ ಭತ್ತ ಇತ್ತು.

ಮನವಿಯ ಎರಡನೇ ಪುಟದಲ್ಲಿ ‘ವಿಶ್ವ ಆರೋಗ್ಯ ಸಂಸ್ಥೆಯೇ ಇದು ಕ್ಯಾನ್ಸರ್‌ಕಾರಕ ಅಂದಿದೆ’ ಅಂತಿದೆ. ಆ ಸಂಸ್ಥೆಯ ಕ್ಯಾನ್ಸರ್ ವಿಭಾಗ 2011ರಲ್ಲಿ ಹೇಳಿದ್ದು ‘ಇರಬಹುದು’ ಅಂತ, 2ಬಿ ಗುಂಪು. ಅದೇ ಗುಂಪಿನಲ್ಲಿ 1991ರಿಂದ 2016ರವರೆಗೆ ಕಾಫಿಯೂ ಇತ್ತು, ಮೂತ್ರಕೋಶದ ಕ್ಯಾನ್ಸರ್ ಶಂಕೆಯ ಮೇಲೆ. ಸಿಎಂಎಚ್ ರಸ್ತೆಯ ದರ್ಶಿನಿಗಳ ಮುಂದೆ ಆ ಇಪ್ಪತ್ತೈದು ವರ್ಷ ಯಾರೂ ಧರಣಿ ಕೂತಿದ್ದು ನಾನಂತೂ ಕೇಳಿಲ್ಲ. ಮೊಬೈಲಿಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಾಣ್ತಿಲ್ಲ ಅಂತ, ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿದ ದೊಡ್ಡ ಪರಾಮರ್ಶೆ 2024ರಲ್ಲಿ ಬಂತು. ಮನವಿಯಲ್ಲಿ ಅದರ ಸುದ್ದಿಯೇ ಇಲ್ಲ.

ಇನ್ನು ‘ಮಕ್ಕಳನ್ನು ಮೈಕ್ರೋವೇವ್ ಒಳಗೆ ಕೂರಿಸಿದಂತೆ’ ಅನ್ನುವ ಸಾಲು. ಎರಡೂ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಕೆಲಸ ಮಾಡ್ತವೆ, ಅದು ನಿಜ. ಆದರೆ ಒಲೆ 800 ವ್ಯಾಟಿನಷ್ಟನ್ನು ಮುಚ್ಚಿದ ಡಬ್ಬಿಯೊಳಗೆ ಸುರಿಯುತ್ತೆ. ರೌಟರ್ ಹೊರಡಿಸೋದು ಸುಮಾರು 0.1 ವ್ಯಾಟು, ಅದೂ ಇಡೀ ಕೋಣೆಗೆ ಹಂಚಿ. ದೂರ ಎರಡರಷ್ಟಾದರೆ ತೀವ್ರತೆ ಕಾಲು ಭಾಗ. ಎಕ್ಸ್‌ರೇ ಥರ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕುವ ತಾಕತ್ತು ಈ ಅಲೆಗಿಲ್ಲ. ಬಹಳ ಜಾಸ್ತಿಯಾದರೆ ಬಿಸಿ ಮಾಡುತ್ತೆ, ಅಷ್ಟೆ.

ಹಾಗಂತ ಎಚ್ಚರಿಕೆಯೇ ಮೂರ್ಖತನ ಅಂತ ನಾನು ಹೇಳಲ್ಲ. ಫ್ರಾನ್ಸಿನಲ್ಲಿ 2015ರ ಕಾನೂನು ಮೂರು ವರ್ಷದೊಳಗಿನ ಮಕ್ಕಳ ಶಿಶುವಿಹಾರದ ಕೋಣೆಗಳಲ್ಲಿ ವೈಫೈ ಬೇಡ ಅಂದಿತು. ಪ್ರಾಥಮಿಕ ಶಾಲೆಯಲ್ಲಿ ಪಾಠಕ್ಕೆ ಬೇಡವಾದಾಗ ಆಫ್ ಮಾಡಿ ಅಂದಿತು. ಭಾರತ 2012ರ ಸೆಪ್ಟೆಂಬರಿನಿಂದ ಟವರಿನ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. ಒಂದು ಸ್ವಿಚ್ಚು ಆರಿಸೋದು, ಸ್ಮಾರ್ಟ್ ಬೋರ್ಡಿಗೆ ಒಂದು ಕೇಬಲ್ ಎಳೆಯೋದು ಯಾವ ಮಹಾ ಖರ್ಚು? ಅಷ್ಟನ್ನೇ ಕೇಳಿದ್ದರೆ ನಾನೂ ಸಹಿ ಹಾಕ್ತಿದ್ದೆ.

ಕೊನೇ ಪುಟದಲ್ಲಿ ಶಾಲೆಯ ಪಕ್ಕದ ಟವರನ್ನೂ ದೂರ ಅಟ್ಟಿ ಅಂತಿದೆ. ಟವರ್ ದೂರ ಹೋದಷ್ಟೂ, ಸಿಗ್ನಲ್ ಸೊರಗಿದಷ್ಟೂ ಕೈಯಲ್ಲಿರುವ ಫೋನು ಜೋರಾಗಿ ಕೂಗಬೇಕು. ಕೆನ್ನೆಗೆ ಅಂಟಿಕೊಂಡಿರೋದು ಫೋನು, ಟವರ್ ಅಲ್ಲ. ನನ್ನ ಊರು ಮಲೆನಾಡಿನ ಮೂಲೆ. ಅಪ್ಪ ಇವತ್ತಿಗೂ ಫೋನ್ ಬಂದರೆ ತೋಟದ ದಿಬ್ಬ ಹತ್ತಬೇಕು. 2021ರ ಮಳೆಗಾಲದಲ್ಲಿ ಸುಳ್ಯದ ಕಡೆ ಒಬ್ಬ ಅಪ್ಪ, ರಸ್ತೆ ಬದಿ ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಕೊಡೆ ಹಿಡಿದು ನಿಂತಿದ್ದ ಫೋಟೋ ನೀವೂ ನೋಡಿರ್ತೀರಿ. ಟವರ್ ಬೇಕು ಅಂತ ಅರ್ಜಿ ಕೊಟ್ಟು ಅಲೆಯುವ ಪಕ್ಷಿರಾಜರು ಅಲ್ಲಿದ್ದಾರೆ. ಅವರ ಮೇಲೆ ಯಾರೂ ಸಿನಿಮಾ ಮಾಡಲಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಮನವಿಯಲ್ಲಿ ಇಲ್ಲದ ವಿಷಯಕ್ಕೆ. ಈ ಶಾಲೆಗೆ ಆಟದ ಮೈದಾನ ಇಲ್ಲ. ಕಾರ್ ನಿಲ್ಲಿಸುವ ಜಾಗದಲ್ಲಿ ಹಸಿರು ಪ್ಲಾಸ್ಟಿಕ್ ಹಾಸಿ ಅದನ್ನೇ ಮೈದಾನ ಅಂತಾರೆ. ಏಳು ವರ್ಷದ ಮಕ್ಕಳ ಹೋಮ್‌ವರ್ಕು ಟ್ಯಾಬ್‌ನಲ್ಲಿ. ಮಗಳ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಹನ್ನೊಂದು ಕನ್ನಡಕ ಎಣಿಸಿದೆ. ನಮ್ಮ ಶಾಲೆಯ ಫೋಟೋದಲ್ಲಿ ಇರೋದು ಒಂದೇ, ಹೆಡ್‌ಮಾಸ್ತರದ್ದು. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. ಹಾಗೆ ಬಿಟ್ಟವರಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ಶೇ. 30ರಷ್ಟು ಮಕ್ಕಳಿಗೆ, ಬಿಡದವರಲ್ಲಿ ಸುಮಾರು ಶೇ. 40. ಇದು 2015ರಲ್ಲೇ ಪ್ರಕಟವಾಗಿದೆ. ಇತ್ತ ನಮ್ಮ ನಿಮ್ಹಾನ್ಸ್‌ನಲ್ಲಿ ಫೋನು, ಗೇಮು ಬಿಡಲಾಗದವರಿಗೆ ಅಂತಲೇ 2014ರಿಂದ ಶಟ್ ಕ್ಲಿನಿಕ್ ಇದೆ. ಅಲೆಯ ಮೇಲಿನ ಭಯಕ್ಕೆ ನಾಲ್ಕು ಪುಟ, ಪರದೆಯ ಬಗ್ಗೆ ಅರ್ಧ ಸಾಲೂ ಇಲ್ಲ. ಯಾಕಂದ್ರೆ ಪರದೆ ಮನೆಯಲ್ಲೂ ಇದೆ, ಊಟ ಮಾಡಿಸುವಾಗ ನಾವೇ ಕೊಡೋದು. ರೌಟರಾದರೆ ಶಾಲೆಯದ್ದು, ಬೈಯಲು ಸುಲಭ.

ಮನವಿ ತಂದ ಪಕ್ಕದ ಮನೆಯ ಆಂಟಿ, ‘ನೀವು ಸೈನ್ ಮಾಡಲ್ವಾ? ಮಕ್ಕಳ ವಿಷಯ ಕಣಪ್ಪಾ’ ಅಂದರು. ‘ಮಕ್ಕಳ ವಿಷಯವೇ ಆಂಟಿ’ ಅಂತ ಬೇರೆ ಒಂದು ಹಾಳೆ ಬರೆದುಕೊಟ್ಟೆ: ದಿನಕ್ಕೊಂದು ಪೀರಿಯಡ್ ಹೊರಗೆ ಆಟ, ಬಾಡಿಗೆಗಾದರೂ ಸರಿ ಒಂದು ಮೈದಾನ, ಮೂರನೇ ಕ್ಲಾಸಿನವರೆಗೆ ಟ್ಯಾಬ್ ಹೋಮ್‌ವರ್ಕ್ ಬೇಡ. ರೌಟರಿನ ಮನವಿಗೆ ನೂರಾ ನಲವತ್ತು ಸಹಿ ಆಗಿವೆಯಂತೆ. ನನ್ನ ಹಾಳೆಯಲ್ಲಿ ಇವತ್ತಿಗೆ ಆರು, ನನ್ನದು, ಹೆಂಡತಿಯದು ಸೇರಿಸಿ.