ಸ್ವರ್ಗಾರೋಹಣವೋ ಸ್ವರ್ಗಸ್ವೀಕಾರವೋ: ಒಂದು ಕನ್ನಡ ಪಾರಿಭಾಷಿಕದ ವಿಮರ್ಶೆ

ಕಥೋಲಿಕ ಕ್ರೈಸ್ತರು ಆಗಸ್ಟ್ 15ರಂದು ಆಚರಿಸುವ ಮರಿಯಮಾತೆಯ ಹಬ್ಬಕ್ಕೆ ಕನ್ನಡದಲ್ಲಿ ಇನ್ನೂ ಒಂದೇ ಹೆಸರು ನೆಲೆಗೊಂಡಿಲ್ಲ. ಸ್ವರ್ಗಸ್ವೀಕಾರ, ಸ್ವರ್ಗಸ್ವೀಕೃತ ಮಾತೆಯ ಹಬ್ಬ, ಸ್ವರ್ಗಾರೋಹಣ ಎಂಬ ಮೂರು ರೂಪಗಳೂ ಬಳಕೆಯಲ್ಲಿವೆ. ಇವನ್ನು ಪರ್ಯಾಯ ಪದಗಳೆಂದು ಭಾವಿಸುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ನಂಬಿಕೆಯ ಸತ್ಯಾಸತ್ಯತೆಯನ್ನು ನಿರ್ಣಯಿಸುವುದು ಇಲ್ಲಿಯ ಉದ್ದೇಶವಲ್ಲ. ಆ ನಂಬಿಕೆ ಹೇಳುವುದನ್ನು ಕನ್ನಡ ಪದ ಹೇಳುತ್ತಿದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಪೋಪ್ ಹನ್ನೆರಡನೆಯ ಪಯಸ್ 1946ರಲ್ಲಿ ಜಗತ್ತಿನ ಬಿಷಪರ ಅಭಿಪ್ರಾಯ ಕೇಳಿ, 1950ರ ನವೆಂಬರ್ 1ರಂದು ಇದನ್ನು ವಿಶ್ವಾಸಸತ್ಯವೆಂದು ಘೋಷಿಸಿದರು. ಐಹಿಕ ಜೀವನ ಮುಗಿದ ಬಳಿಕ ಮರಿಯಳು ಆತ್ಮಶರೀರಗಳೆರಡರಲ್ಲೂ ಸ್ವರ್ಗೀಯ ಮಹಿಮೆಗೆ ಎತ್ತಿಕೊಳ್ಳಲ್ಪಟ್ಟಳು ಎಂಬುದು ಅದರ ಸಾರ. ಆಕೆ ಮೃತಳಾದಳೋ ಇಲ್ಲವೋ ಎಂಬುದನ್ನು ಘೋಷಣೆ ಉದ್ದೇಶಪೂರ್ವಕವಾಗಿಯೇ ತೆರೆದಿಟ್ಟಿದೆ. ಕ್ರಿಯೆ ಮಾತ್ರ ಕರ್ಮಣಿ, ಎತ್ತಿಕೊಂಡವನು ದೇವರು.

ಈ ಸಂಗತಿಯನ್ನು ನೇರವಾಗಿ ಹೇಳುವ ವಾಕ್ಯ ಬೈಬಲ್ಲಿನಲ್ಲಿ ಇಲ್ಲ. ಕಥೋಲಿಕ ಪಂಡಿತರೂ ಇದೆಯೆಂದು ವಾದಿಸುವುದಿಲ್ಲ. ನಾಲ್ಕನೆಯ ಶತಮಾನದ ಎಪಿಫೇನಿಯಸನು ಆಕೆಯ ಅಂತ್ಯವನ್ನು ಯಾರೂ ಅರಿಯರೆಂದು ಬರೆದನು; ಮರಿಯಳ ನಿರ್ಗಮನದ ಕಥನಗಳು ಅಧಿಕೃತ ಗ್ರಂಥಗಳ ಹೊರಗೆ ಬೆಳೆದವು. ಶ್ರೀಗ್ರಂಥದಿಂದ ತೋರಿಸುವುದೆಲ್ಲ ಧ್ವನಿಯ ಆಧಾರ. ದೇವದೂತನು ಆಕೆಯನ್ನು ವರಪ್ರಸಾದದಿಂದ ತುಂಬಿದವಳೆಂದು ಕರೆದದ್ದು (ಲೂಕ 1:28), ಸೂರ್ಯನನ್ನೇ ಧರಿಸಿದ ಸ್ತ್ರೀಯ ದರ್ಶನ (ಪ್ರಕಟನೆ 12), ಸರ್ಪಕ್ಕೂ ಸ್ತ್ರೀಗೂ ಇಟ್ಟ ವೈರ (ಆದಿಕಾಂಡ 3:15), ದೇವರು ತನ್ನ ಮಂಜೂಷದೊಡನೆ ವಿಶ್ರಾಂತಿಸ್ಥಾನಕ್ಕೆ ಏಳಲೆಂಬ ಮೊರೆ (ಕೀರ್ತನೆ 132:8) ಇವು ಮುಖ್ಯ. ದೇವರ ಸಾನ್ನಿಧ್ಯವನ್ನು ಹೊತ್ತ ಮಂಜೂಷವೇ ಮರಿಯಳು ಎಂಬ ಓದು ಕೊನೆಯದರ ಹಿಂದಿದೆ. ಲ್ಯಾಟಿನ್ ಭಾಷೆಯಲ್ಲಿ ನೋಹನ ನಾವೆಗೂ ಒಡಂಬಡಿಕೆಯ ಪೆಟ್ಟಿಗೆಗೂ ಒಂದೇ ಪದ. ಕನ್ನಡ ಬೈಬಲ್ಲು ನಾವೆ, ಮಂಜೂಷ ಎಂದು ಬೇರ್ಪಡಿಸಿದ್ದರಿಂದ ಈ ಓದು ನಮ್ಮಲ್ಲಿ ಇನ್ನಷ್ಟು ಸ್ಪಷ್ಟವಾಗಿದೆ.

ಕರ್ತರಿ ಯೇಸುವಿಗೆ, ಕರ್ಮಣಿ ಮರಿಯಳಿಗೆ ಎಂಬ ವಿಭಜನೆಯನ್ನು ಬೈಬಲ್ಲೇ ಮಾಡಿದೆಯೆಂದು ಹೇಳಲೂ ಬಾರದು. ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದ ಗ್ರೀಕ್ ಮೂಲದಲ್ಲಿ ಯೇಸುವೂ ಮೇಲಕ್ಕೆ ಎತ್ತಲ್ಪಡುತ್ತಾನೆ. ಎಲೀಯನ ಕಥೆಯ (2 ಅರಸುಗಳು 2:11) ಗ್ರೀಕ್ ಅನುವಾದದ ಧಾತುವೇ ಅಲ್ಲಿಯೂ ಬರುತ್ತದೆ. ತಾನೇ ಏರಿ ಹೋಗುವೆನೆಂಬ ಕರ್ತರಿ ಪ್ರಯೋಗ ಇರುವುದು ಯೊವಾನ್ನ 20:17ರಲ್ಲಿ. ವಿಭಜನೆ ದೇವಶಾಸ್ತ್ರದ ಪರಂಪರೆಯದು. ಆದರೆ ಪಾರಿಭಾಷಿಕಗಳು ಕಾಯಬೇಕಾದದ್ದು ಆ ಪರಂಪರೆಯನ್ನೇ.

ನೆರೆಯ ಭಾಷೆಗಳು ಇದನ್ನು ಹೇಗೆ ಕಾಯ್ದಿವೆಯೆಂಬುದು ಗಮನಾರ್ಹ. ತಮಿಳು ಯೇಸುವಿಗೆ ವಿಣ್ಣೇಟ್ರಮ್, ಮರಿಯಳಿಗೆ ವಿಣ್ಣೇರ್ಪು ಎನ್ನುತ್ತದೆ. ಮಲಯಾಳವು ಸ್ವರ್ಗಾರೋಹಣ, ಸ್ವರ್ಗಾರೋಪಣ ಎಂದು ಒಂದೇ ಧಾತುವಿನ ಪ್ರೇರಣಾರ್ಥಕದಿಂದ ಕೆಲಸ ಸಾಧಿಸಿದೆ. ಹಿಂದಿ ಸ್ವರ್ಗೋದ್ಗ್ರಹಣವನ್ನೂ ಮರಾಠಿ ಸ್ವರ್ಗೋನ್ನಯನವನ್ನೂ ಆರಿಸಿಕೊಂಡಿವೆ. ಹೀಗಾಗಿ ನಾಗಪುರದ ಮಿಹಾನ್‌ನಂಥ ಕಡೆ, ಹಿಂದಿ ಮರಾಠಿಗಳ ನಡುವೆ ನೆಲೆಸಿ ಕನ್ನಡ ಕ್ರೈಸ್ತ ಸಾಹಿತ್ಯವನ್ನು ಓದುವ ಸಂಶೋಧಕನಿಗೆ ನಮ್ಮ ಸ್ವರ್ಗಾರೋಹಣ ಎಡವುಗಲ್ಲಾದೀತು. ಅವನ ಸುತ್ತಲಿನ ಭಾಷೆಗಳಲ್ಲಿ ಅದು ಯೇಸುವಿನ ಹಬ್ಬ.

ಮಲಯಾಳದ ದಾರಿ ನಮಗೆ ಮುಚ್ಚಿದೆ. ಕನ್ನಡದಲ್ಲಿ ಆರೋಪವೆಂದರೆ ದೋಷಾರೋಪ. ಸ್ವರ್ಗಾರೋಪಿತೆ ಎಂದರೆ ಓದುಗನಿಗೆ ನ್ಯಾಯಾಲಯ ನೆನಪಾದೀತು. ಉಳಿದ ಸ್ವರ್ಗಸ್ವೀಕಾರವೂ ನಿರ್ದುಷ್ಟವಲ್ಲ. ಅಧಿಕಾರಸ್ವೀಕಾರ, ಸಂನ್ಯಾಸಸ್ವೀಕಾರ ಮೊದಲಾದ ರೂಢಿಯ ಸಮಾಸಗಳಲ್ಲಿ ಪೂರ್ವಪದವೇ ಸ್ವೀಕರಿಸಲ್ಪಡುವ ವಸ್ತು. ಆ ಕ್ರಮದಲ್ಲಿ ‘ಮರಿಯಳ ಸ್ವರ್ಗಸ್ವೀಕಾರ’ ಎಂದರೆ ಮರಿಯಳು ಸ್ವರ್ಗವನ್ನು ಸ್ವೀಕರಿಸಿದಳು ಎಂದೇ ಆಗುತ್ತದೆ. ಕರ್ತೃ ಕರ್ಮಗಳು ಅದಲುಬದಲಾಗುತ್ತವೆ. ಸ್ವರ್ಗಸ್ವೀಕೃತ ಎಂಬ ಕೃದಂತದಲ್ಲಿ ಈ ಸಂದಿಗ್ಧವಿಲ್ಲ.

ಇನ್ನು ‘ಸ್ವರ್ಗಾರೋಹಣ’ ಕನ್ನಡಕ್ಕೆ ಬರಿಗೈಯಲ್ಲಿ ಬಂದ ಪದವಲ್ಲ. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿ ಮುಂದುವರಿಸಿದನು. ಮಹಾಭಾರತದ ಕೊನೆಯಲ್ಲಿ ಧರ್ಮರಾಯನು ಸಶರೀರನಾಗಿ ಸ್ವರ್ಗ ಸೇರುವುದು ತನ್ನ ಧರ್ಮದ ಬಲದಿಂದ. ಒಡಹುಟ್ಟಿದವರೂ ದ್ರೌಪದಿಯೂ ದಾರಿಯಲ್ಲೇ ಬೀಳುತ್ತಾರೆ. ಪರರ ತಪೋಬಲದಿಂದ ಏರಹೊರಟ ತ್ರಿಶಂಕು ನಡುವೆಯೇ ನಿಂತನು. ಏರುವವನ ಅರ್ಹತೆಯ ಪರೀಕ್ಷೆ ಈ ಪದದೊಳಗೇ ಇದೆ. ಪುಣ್ಯ ತೀರಿದರೆ ಮರಳಬೇಕಾದ ಲೋಕವೆಂಬ ಅರ್ಥ ಸ್ವರ್ಗಪದಕ್ಕೂ ಅಂಟಿದೆ. ಅಕ್ಕಮಹಾದೇವಿಯ ಕದಳಿಯ ಐಕ್ಯವನ್ನು ಇಲ್ಲಿ ಹೋಲಿಕೆಗೆ ತರುವವರೂ ಇರಬಹುದು. ಆದರೆ ಐಕ್ಯದಲ್ಲಿ ಅಂಗವು ಲಿಂಗದಲ್ಲಿ ಲಯವಾಗುತ್ತದೆ; ಮರಿಯಳ ದೇಹವಾದರೋ ಉಳಿದು ಮಹಿಮೆಗೊಳ್ಳುತ್ತದೆ. 1 ಕೊರಿಂಥ 15ರ ಪುನರುತ್ಥಾನದ ವಾಗ್ದಾನ ಆಕೆಯಲ್ಲಿ ಮುಂಚಿತವಾಗಿ ನೆರವೇರಿತೆಂಬುದೇ ಕಥೋಲಿಕ ಬೋಧನೆಯ ಒತ್ತು.

ಇದು ಕೇವಲ ವ್ಯಾಕರಣದ ಜಗಳವಲ್ಲ. ಕಥೋಲಿಕರು ಮರಿಯಳನ್ನು ಕ್ರಿಸ್ತನಿಗೆ ಸರಿಸಮ ಮಾಡುತ್ತಾರೆಂಬುದು ಪ್ರೊಟೆಸ್ಟೆಂಟರ ಹಳೆಯ ಆಕ್ಷೇಪ. ತಾಯಿಗೂ ಮಗನಿಗೂ ಒಂದೇ ಸ್ವರ್ಗಾರೋಹಣವನ್ನು ಹೇಳುವ ಕನ್ನಡ, ಆ ಸಭೆ ಎಂದೂ ಬೋಧಿಸದುದನ್ನು ಅದರ ಬಾಯಿಂದಲೇ ನುಡಿಸಿ, ಆಕ್ಷೇಪಕ್ಕೆ ಸಾಕ್ಷ್ಯ ಒದಗಿಸುತ್ತದೆ. ಕೋಶಕಾರರೂ ಗ್ರಂಥಸೂಚಿಕಾರರೂ ಯೇಸುವಿಗೆ ಸ್ವರ್ಗಾರೋಹಣವನ್ನು ಮೀಸಲಿಟ್ಟು, ಮರಿಯಳಿಗೆ ‘ಸ್ವರ್ಗಸ್ವೀಕೃತ ಮಾತೆ’ ಎಂಬ ಶೀರ್ಷಿಕೆಯನ್ನು ನೀಡುವುದು ಲೇಸು. ಧರ್ಮರಾಯನ ಪರ್ವವನ್ನು ಇವೆರಡರಿಂದಲೂ ಬೇರೆಯಾಗಿಯೇ ದಾಖಲಿಸಬೇಕು.