ಮೊಬೈಲ್ ಕೊಡಿಸಲಿಲ್ಲವೆಂದು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಪತ್ರಿಕೆಯಲ್ಲಿ ಕಂಡರೆ ಬರಗಾಲವೋ ಕಾಲುವೆಯ ನೀರೋ ಎಂದುಕೊಂಡೇ ಓದಲು ತೊಡಗುವವಳು ನಾನು. ಈಚೆಗೆ ಮಾತ್ರ, ಊರು ಯಾವುದೇ ಇರಲಿ, ಒಂದು ತಲೆಬರಹ ಕಂಡರೆ ಎದೆ ಝಲ್ಲೆನ್ನುತ್ತದೆ: ‘ಮೊಬೈಲ್ ಕೊಡಿಸಲಿಲ್ಲವೆಂದು ಬಾಲಕಿ ಆತ್ಮಹತ್ಯೆ’. ಊರು ಬೇರೆ, ಹೆಸರು ಬೇರೆ, ವಾಕ್ಯ ಮಾತ್ರ ಅದೇ. ಕನ್ನಡ ಪಾಠ ಹೇಳುವವಳಿಗೆ ವಾಕ್ಯವನ್ನು ಬಿಡಿಸಿ ನೋಡುವ ಚಟ ಹೋಗುವುದಿಲ್ಲ.

‘ಕೊಡಿಸಲಿಲ್ಲವೆಂದು’ ಎಂಬಲ್ಲಿ ಆ ‘ಎಂದು’ ಇದೆಯಲ್ಲ, ಅದರದೇ ನನ್ನ ತಕರಾರು. ಒಂದು ಜೀವದ ಹದಿನಾಲ್ಕು ವರ್ಷಗಳನ್ನು ಅದು ಒಂದು ಸಂಜೆಯ ಜಗಳಕ್ಕೆ ಗಂಟು ಹಾಕಿಬಿಡುತ್ತದೆ. ಆ ಮಗು ಎಷ್ಟು ದಿನದಿಂದ ನಿದ್ದೆಗೆಟ್ಟಿತ್ತೋ, ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಯಾರು ಏನು ಬರೆದು ನಗೆಯಾಡಿದ್ದರೋ, ಕೇಳುವ ಪುರುಸೊತ್ತು ಯಾರಿಗಿದೆ? ಓದಿದ ತಾಯಿಗೆ ಉಳಿಯುವುದು ಹೆದರಿಕೆಯೊಂದೇ. ನಮ್ಮ ಶಾಲೆಯ ಹುಡುಗಿಯೊಬ್ಬಳ ತಾಯಿ ಬಂದು ಕುಳಿತು, “ಕಸಗೊಳ್ಳಾಕೂ ಅಂಜಿಕಿ, ಕೊಡಾಕೂ ಅಂಜಿಕಿ. ಏನ್ ಮಾಡ್ಲಿರಿ ಬಾಯೋರ?” ಎಂದಳು. ಓದಿದ ಮಕ್ಕಳಿಗೆ ಉಳಿಯುವುದು ಇನ್ನೂ ಕೆಟ್ಟದ್ದು. ಸಿಟ್ಟು ತೀರಿಸಿಕೊಳ್ಳಲು ಹೀಗೂ ಒಂದು ದಾರಿಯಿದೆ ಎಂಬ ಭಾವ.

ಇದರೆದುರು ಇನ್ನೊಂದು ವಾಕ್ಯವನ್ನು ಇಟ್ಟು ನೋಡಿ. ಲಂಡನ್ನಿನ ಮಾಲಿ ರಸೆಲ್ 2017ರಲ್ಲಿ ತೀರಿಕೊಂಡಾಗ ಅವಳಿಗೆ 14 ವರ್ಷ. ಕೊನೆಯ ಆರು ತಿಂಗಳಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ಅವಳು ಮೆಚ್ಚಿದ, ಹಂಚಿದ, ಉಳಿಸಿಕೊಂಡ ಸುಮಾರು 16,300 ಪೋಸ್ಟುಗಳಲ್ಲಿ 2,100 ಖಿನ್ನತೆ, ತನಗೆ ತಾನೇ ಗಾಯ ಮಾಡಿಕೊಳ್ಳುವುದು, ಆತ್ಮಹತ್ಯೆ ಇವುಗಳಿಗೇ ಸಂಬಂಧಿಸಿದ್ದವು. ಬೇಸರದ ಒಂದು ಚಿತ್ರ ನೋಡಿದವಳಿಗೆ ಯಂತ್ರ ಅಂಥವೇ ಹತ್ತು ತಂದು ಬಡಿಸುತ್ತದೆ, ಸಾಕೆಂದರೂ ಬಿಡದ ಬೀಗರ ಮನೆಯ ಪಂಕ್ತಿಯ ಹಾಗೆ. 2022ರಲ್ಲಿ ಮರಣ ವಿಚಾರಣಾಧಿಕಾರಿ ಕೊಟ್ಟ ತೀರ್ಮಾನದಲ್ಲಿ ಖಿನ್ನತೆಯೂ ಇತ್ತು, ಜಾಲತಾಣದ ದುಷ್ಪರಿಣಾಮವೂ ಇತ್ತು. ಆತ್ಮಹತ್ಯೆ ಎಂಬ ಪದವನ್ನು ಅವರು ಬೇಕೆಂದೇ ಬಳಸಲಿಲ್ಲ. ಎರಡು ಕಾರಣಗಳಿಗೆ ಜಾಗ ಮಾಡಿಕೊಟ್ಟ ವಾಕ್ಯ ಅದು. ಹೆತ್ತವರ ಕೊರಳಿಗೆ ಅದು ತಪ್ಪನ್ನು ಕಟ್ಟಲಿಲ್ಲ, ಕಂಪನಿಗಳನ್ನು ಬಿಟ್ಟೂ ಕೊಡಲಿಲ್ಲ.

ನಮ್ಮಲ್ಲಿ ನಿಯಮವಿಲ್ಲವೆಂದಲ್ಲ. ಇಂಥ ಸುದ್ದಿಯನ್ನು ಎದ್ದು ಕಾಣುವಂತೆ ಹಾಕಬಾರದು, ತಲೆಬರಹ ರೋಚಕವಾಗಿರಬಾರದು, ವಿಧಾನ ವಿವರಿಸಬಾರದು, ಫೋಟೊ ಬೇಡ ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಹೇಳಿದೆ. ಆದರೆ ಈಗ ಸುದ್ದಿ ಪತ್ರಿಕೆಯಲ್ಲಿ ನಿಲ್ಲುವುದೆಲ್ಲಿ? ಸಂಜೆಯೊಳಗೆ ಮೊಂಬತ್ತಿ, ಹಾಡು ಸೇರಿಸಿದ ಫೋಟೊ ನಮ್ಮ ಹೆಂಗಸರ ಸ್ಟೇಟಸ್ಸಿನಲ್ಲಿ ಇರುತ್ತದೆ. ನಾನೂ ಒಮ್ಮೆ ಹಾಕಿದವಳೇ. ಮರುದಿನ ಒಂಬತ್ತನೆಯ ಇಯತ್ತೆಯ ಹುಡುಗಿಯರು ಅದನ್ನೇ ಮಾತಾಡುತ್ತಿದ್ದರು, ಸತ್ತವಳಿಗೆ ಎಷ್ಟು ಜನ ಅತ್ತರೆಂದು!

ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತೆಂದು ಬಹಳ ವರ್ಷ ಹೆದರಿದ್ದೆ. ಹಾಗಾಗುವುದಿಲ್ಲ ಎನ್ನುತ್ತಾರೆ ವೈದ್ಯರು. ನೇರವಾಗಿ ಕೇಳಿದರೆ ಮಗುವಿಗೆ ಹಗುರವೇ ಆಗುತ್ತದಂತೆ. ಆ ತಾಯಿಗೆ ನಾನು ಹೇಳಿದ್ದೂ ಅಷ್ಟೇ. ಮೊಬೈಲಿನ ಮಾತು ನಾಳೆಗಿರಲಿ, ಮೊದಲು ರೊಟ್ಟಿ ಬಡಿಯುವಾಗ ಮಗಳನ್ನು ಹತ್ತಿರ ಕೂರಿಸಿಕೊಂಡು, “ಸಾಯಬೇಕು ಅನಸ್ತೈತೇನವ್ವಾ?” ಎಂದು ಬಾಯಿಬಿಟ್ಟು ಕೇಳು ಎಂದೆ. ಹೌದೆಂದರೆ ಬೈಯಬೇಡ, ಒಂಟಿಯಾಗಿ ಬಿಡಬೇಡ, ಟೆಲಿ ಮಾನಸಕ್ಕೆ ಫೋನ್ ಮಾಡು ಎಂದೂ ಹೇಳಿದೆ. 2022ರಲ್ಲಿ ಶುರುವಾದ ಈ ಸರ್ಕಾರಿ ಸಹಾಯವಾಣಿಯ ನಂಬರು 14416. ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ.

ಆಕೆಗೆ ನಂಬರು ಉಳಿಸಿಕೊಳ್ಳಲು ಬರುತ್ತಿರಲಿಲ್ಲ. ಹೊರಗೆ ನಿಂತಿದ್ದ ಮಗಳನ್ನು ಕರೆದು, ಅವಳ ಕೈಯಿಂದಲೇ ಒತ್ತಿಸಿಕೊಂಡು ಹೋದಳು.