ಬೂದಿ ಕುಡಿದ ಸೀಸ

ರಾಯಚೂರು ಸೀಮೆಯ ಹಟ್ಟಿ ಚಿನ್ನದ ಗಣಿಯ ಅದಿರನ್ನು ಪುಡಿ ಮಾಡಿ ಅಂಗೈಯಲ್ಲಿ ಹಾಕಿಕೊಂಡರೆ ಕಾಣುವುದು ಬೂದುಬಣ್ಣದ ಹಿಟ್ಟು ಮಾತ್ರ. ಟನ್ನಿಗೆ 3 ಗ್ರಾಂ ಚಿನ್ನವಿದೆ ಎಂದಿಟ್ಟುಕೊಳ್ಳಿ. ಪರೀಕ್ಷೆಗೆ ತೂಗಿಕೊಳ್ಳುವ 30 ಗ್ರಾಂ ಪುಡಿಯಲ್ಲಿ ಸಿಗುವುದು 90 ಮೈಕ್ರೋಗ್ರಾಂ. ಅಷ್ಟನ್ನೂ ಒಂದೇ ಗುಂಡಾಗಿ ಕಟ್ಟಿದರೆ ಅದರ ಅಗಲ ಮಿಲಿಮೀಟರಿನ ಐದನೇ ಒಂದು ಪಾಲು. ಗಸಗಸೆ ಕಾಳು ಅದರ ಪಕ್ಕದಲ್ಲಿ ಬೆಟ್ಟ. ಮಿಕ್ಕಿದ್ದೆಲ್ಲ ಕಲ್ಲು, ಕಬ್ಬಿಣ, ಗಂಧಕ, ಆರ್ಸೆನಿಕ್.

ಅಳೆಯುವ ಯಂತ್ರಗಳನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಮನಸ್ಸು ನಿಲ್ಲುವುದು ಅದಕ್ಕೂ ಮುಂಚಿನ ಕೆಲಸದಲ್ಲಿ, ಈ ಸಂತೆಯೊಳಗಿಂದ ಚಿನ್ನವನ್ನಷ್ಟೇ ಕರೆದು ತರುವ ಕೆಲಸದಲ್ಲಿ. ಅಕ್ಕಸಾಲಿಗರ ಅಂಗಡಿ ಮುಂದಿನ ಮಣ್ಣನ್ನು ಜಾಲಗಾರರು ನೀರಿನಲ್ಲಿ ಜಾಲಾಡಿ ಚೂರು ಹೆಕ್ಕುತ್ತಿದ್ದರು. ಅದಿರಿನ ಖನಿಜದೊಳಗೆ ಅಡಗಿ ಕುಳಿತ ಚಿನ್ನ ನೀರಿಗೆ ಬಗ್ಗುವುದಿಲ್ಲ, ಬೆಂಕಿಯೇ ಬೇಕು. ಈ ಬೆಂಕಿಯ ಪರೀಕ್ಷೆ ಗಣಿಯವರ ಬಾಯಲ್ಲಿ ಫೈರ್ ಅಸ್ಸೇ. ಇದರಲ್ಲಿ ಚಿನ್ನವನ್ನು ಹಿಡಿದು ತರುವುದು ಸೀಸ. ಚಿನ್ನವನ್ನು ಸೀಸದಿಂದ ಶುದ್ಧ ಮಾಡುವ ಮಾತು ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಬರುತ್ತದೆ.

ಮೂಸೆಯೊಳಗೆ ಅದಿರಿನ ಪುಡಿಯ ಜೊತೆ ಸೀಸದ ಆಕ್ಸೈಡು, ಸೋಡಾ, ಬಿಳಿಗಾರ, ಸ್ವಲ್ಪ ಮರಳಿನ ಪುಡಿ, ಇವುಗಳ ಮೇಲೆ ಎರಡು ಮೂರು ಗ್ರಾಂ ಮೈದಾ. ಹೌದು, ಅಡುಗೆಮನೆಯ ಮೈದಾವೇ. ಅದರಲ್ಲಿರುವ ಇಂಗಾಲ ಆಕ್ಸೈಡಿನಿಂದ ಆಮ್ಲಜನಕವನ್ನು ಕಿತ್ತುಕೊಂಡು ಸೀಸವನ್ನು ಬಿಡಿಸುತ್ತದೆ. ಒಂದು ಗ್ರಾಂ ಮೈದಾಕ್ಕೆ ಹೆಚ್ಚುಕಡಿಮೆ ಹತ್ತು ಹನ್ನೆರಡು ಗ್ರಾಂ ಸೀಸ. ಗಂಧಕ ಹೆಚ್ಚಿರುವ ಅದಿರು ತಾನೇ ಮೈದಾದ ಕೆಲಸ ಮಾಡಿಬಿಡುತ್ತದೆ, ಆಗ ಅದನ್ನು ಹದ್ದುಬಸ್ತಿನಲ್ಲಿಡಲು ಪೆಟ್ಲುಪ್ಪು ಹಾಕಬೇಕು. ಈ ಲೆಕ್ಕ ಕೂಡಿಸುವುದರಲ್ಲೇ ಕಸುಬುದಾರನ ಬೆಲೆ ತಿಳಿಯುವುದು. ಸಾವಿರ ಡಿಗ್ರಿ ದಾಟಿದ ಕುಲುಮೆಯಲ್ಲಿ ಎಲ್ಲವೂ ಕರಗಿ ಗಾಜಿನಂತಾದಾಗ, ಅದರೊಳಗೆ ಹುಟ್ಟಿದ ಸೀಸದ ಸಣ್ಣ ಸಣ್ಣ ಹನಿಗಳು ಮಳೆಯಂತೆ ಕೆಳಗಿಳಿಯುತ್ತವೆ, ಹಾದಿಯಲ್ಲಿ ಸಿಕ್ಕ ಚಿನ್ನ ಬೆಳ್ಳಿಯನ್ನೆಲ್ಲ ಬಾಚಿಕೊಳ್ಳುತ್ತವೆ. ಕಬ್ಬಿಣದ ಅಚ್ಚಿಗೆ ಸುರಿದು, ಆರಿದ ಮೇಲೆ ಸುತ್ತಿಗೆಯಿಂದ ಕಿಟ್ಟ ಒಡೆದರೆ ತಳದಲ್ಲಿ ಸೀಸದ ಗುಂಡಿ. ಬಡಿದಾಗ ಅದು ಮೆತ್ತಗೆ ಚಪ್ಪಟೆಯಾಗಬೇಕು. ಬಿರುಕು ಬಿಟ್ಟರೆ ಗಂಧಕವೋ ಆರ್ಸೆನಿಕ್ಕೋ ಜೊತೆಗೆ ಬಂದಿದೆ ಎಂದೇ ಅರ್ಥ.

ಈಗ ಸೀಸವನ್ನು ಕಳುಹಿಸಿಕೊಡಬೇಕು. ಸುಟ್ಟ ಎಲುಬಿನ ಬೂದಿಯನ್ನು ಒತ್ತಿ ಮಾಡಿದ ಪುಟ್ಟ ಬಟ್ಟಲು, ಕ್ಯುಪೆಲ್. ಅದರಲ್ಲಿ ಸುಮಾರು 950 ಡಿಗ್ರಿಯ ಕಾವಿನಲ್ಲಿ ಸೀಸ ಗಾಳಿ ತಾಗಿ ಮತ್ತೆ ಆಕ್ಸೈಡಾಗುತ್ತದೆ. ಕರಗಿದ ಲೋಹ ಪಾದರಸದಂತೆ ದುಂಡಗೆ ನಿಂತು ಬೂದಿಗೆ ಅಂಟುವುದಿಲ್ಲ. ಕರಗಿದ ಆಕ್ಸೈಡು ಮಾತ್ರ ಬಟ್ಟೆಗೆ ನೀರು ಇಳಿದಂತೆ ಇಳಿದುಹೋಗುತ್ತದೆ. ಬಟ್ಟಲು ಹೆಚ್ಚುಕಡಿಮೆ ತನ್ನಷ್ಟೇ ತೂಕದ ಸೀಸವನ್ನು ಕುಡಿಯುತ್ತದೆ. ಸ್ವಲ್ಪ ಹೊಗೆಯಾಗಿಯೂ ಹೋಗುತ್ತದೆ. ಆ ಹೊಗೆ ವಿಷ, ಚಿಮಣಿ ಚೆನ್ನಾಗಿ ಎಳೆಯದ ಕುಲುಮೆಯ ಮುಂದೆ ಯಾರೂ ನಿಲ್ಲಬಾರದು.

ಒಂದು ಮಳೆಗಾಲದಲ್ಲಿ ನಾನು ಬಟ್ಟಲುಗಳನ್ನು ಸರಿಯಾಗಿ ಕಾಯಿಸದೆ ಸೀಸ ಇಟ್ಟೆ. ಬೂದಿಯೊಳಗಿನ ತೇವ ಹಬೆಯಾಗಿ ಎದ್ದು ಸೀಸ ಒಗ್ಗರಣೆಯಂತೆ ಸಿಡಿಯಿತು. ಒಂದು ಬಟ್ಟಲಿನ ಹನಿ ಇನ್ನೊಂದಕ್ಕೆ ಬಿತ್ತು. ಯಾವ ಚಿನ್ನ ಯಾವ ಅದಿರಿನದೆಂದು ಹೇಳುವಂತಿರಲಿಲ್ಲ. ಇಡೀ ಸಾಲನ್ನು ಎಸೆದು ಮೊದಲಿಂದ ತೂಗಿದೆ. ಅಂದಿನಿಂದ ಖಾಲಿ ಬಟ್ಟಲು ಕೆಂಪಗಾಗದೆ ನನ್ನ ಇಕ್ಕಳ ಮುಂದೆ ಹೋಗುವುದಿಲ್ಲ.

ಸೀಸ ಮುಗಿಯುವ ಹೊತ್ತಿಗೆ ಬಟ್ಟಲಿನಿಂದ ಕಣ್ಣು ಕದಲಿಸಬಾರದು. ಗುಂಡಿನ ಮೇಲೆ ಕಾಮನಬಿಲ್ಲಿನ ಬಣ್ಣಗಳು ಓಡುತ್ತವೆ, ಒಂದು ಗಳಿಗೆ ಮಂಕಾಗುತ್ತದೆ, ಆಮೇಲೆ ಫಳ್ಳನೆ ಮಿಂಚಿ ನಿಲ್ಲುತ್ತದೆ. ಉಳಿದದ್ದು ಬೆಳ್ಳಗಿನ ಮಣಿ, ಏಕೆಂದರೆ ಅಷ್ಟು ಕಡಿಮೆ ಚಿನ್ನ ಕೈತಪ್ಪದಿರಲೆಂದು ಮೊದಲೇ ಕೆಲವು ಮಿಲಿಗ್ರಾಂ ಬೆಳ್ಳಿ ಸೇರಿಸಿರುತ್ತೇವೆ. ಇಲ್ಲಿಂದ ಕೆಲವರು ಮಣಿಯನ್ನು ರಾಜಾಮ್ಲದಲ್ಲಿ ಕರಗಿಸಿ ಯಂತ್ರಕ್ಕೆ ಕೊಡುತ್ತಾರೆ. ನನಗೆ ಹಳೆಯ ದಾರಿಯೇ ಇಷ್ಟ. ಬಿಸಿ ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಕರಗಿ ಹೋಗುತ್ತದೆ. ತಳದಲ್ಲಿ ಕಂದುಗಪ್ಪಿನ ಒಂದು ಚುಕ್ಕಿ, ಮಸಿಯ ಚೂರೆಂದು ಯಾರಾದರೂ ಒರೆಸಿಹಾಕಿಯಾರು. ಅದನ್ನು ತೊಳೆದು, ಒಣಗಿಸಿ, ಪಿಂಗಾಣಿ ಬಟ್ಟಲಲ್ಲಿ ಕೆಂಪಗೆ ಕಾಯಿಸಿದರೆ ನೋಡುತ್ತಿದ್ದಂತೆಯೇ ಹಳದಿಗೆ ತಿರುಗುತ್ತದೆ.